ಒಂದು ಒತ್ತಿನ ಸಲುವಾಗಿ

ಬಿರಾಜದಾರ ಮಾಸ್ತರು ಪೆನ್‌ಡ್ರೈವ್ ತಂದಾರ,
ಕರವಸ್ತ್ರದ ತುದಿಗೆ ಗಂಟು ಕಟ್ಟಿ.
ನಲವತ್ತು ಪುಟದ ಪಿಡಿಎಫ್:
ಅಕ್ಕಲಕೋಟ ಕಡೆ ಹೊಲದಾಗ ಆಡೋ ಮಾತುಗಳು,
ಅರ್ಥಸಹಿತ.
ಟೈಪ್ ಮಾಡಿದ ಅಂಗಡಿ ಮುಚ್ಚಿ
ಅಲ್ಲೀಗ ವಡಾಪಾವ್ ಕರೀತಾರ.
ಮೂಲ ಫೈಲು ಯಾರ ಹತ್ರನೂ ಇಲ್ಲ.

ತಪ್ಪು ಒಂದೇ. ಅರ್ಪಣೆಯ ಪುಟದಾಗ
ಸಂಗವ್ವ ಇರಬೇಕಾದಲ್ಲಿ ಸಂಗವ.
‘ಒಂದು ಒತ್ತು ಹಾಕಿ ಕೊಡವಾ’ ಅಂದರು.
ಒಂದು ಒತ್ತಿಗೆ ಎಷ್ಟು ಹೊತ್ತು, ಅಂದ್ಕೊಂಡೆ.

ಸೊಲ್ಲಾಪುರದ ಹಳೇ ಬಜಾರಿನ ಕಂಪ್ಯೂಟರ್ ನಂದು,
ಚಾಲೂ ಆಗೂದ್ರಾಗ ಒಂದು ಚಹಾ ಮುಗೀತದ.
ಮೊದಲನೇ ಸಾಫ್ಟ್‌ವೇರ್ ಪುಕ್ಕಟೆ.
ತೆರೆದ್ರ ಅಕ್ಷರ ಇಲ್ಲ, ಬರೇ ಡಬ್ಬಿ,
ರೇಷನ್ ಅಂಗಡಿ ಮುಂದ ಪಾಳಿ ಹಚ್ಚಿದ ಖಾಲಿ ಡಬ್ಬಿ.
ಎರಡನೇದೂ ಪುಕ್ಕಟೆ;
ಮೂರು ಪುಟ ಉಳಿಸಿ ಮೂವತ್ತೇಳು ನುಂಗಿತು.
ಮೂರನೇದು ಇಳಿಯುವಾಗ
ಜೋಡಿ ಇನ್ನೆರಡು ಕರಕೊಂಡು ಬಂತು.
ಕರೀದ ಮದುವಿಗೆ ಬಂದವರಂಗ
ಪರದೆಯ ಮೂಲ್ಯಾಗ ಕೂತವು, ಎಬ್ಬಿಸಿದ್ರೂ ಏಳವು.

ನಾಲ್ಕನೇದು ಟ್ರಯಲ್. ಹದಿನಾಲ್ಕು ದಿನ.
ಇದಕ್ಕ ಕನ್ನಡ ಬರ್ತದ!
ವ-ದ ಬುಡಕ್ಕ ಒತ್ತು ಬಂದು ಕೂತಿತು.
ಮಾಸ್ತರು ಚಷ್ಮಾ ತೆಗೆದು ಒರೆಸಿ ಮತ್ತ ನೋಡಿದರು.
ಸೇವ್ ಒತ್ತಿದೆ.
ನಲವತ್ತೂ ಪುಟದ ಮ್ಯಾಲ, ಮೂಲಿಯಿಂದ ಮೂಲಿಗೆ,
ಬೂದಿ ಬಣ್ಣದ ದಪ್ಪ ಅಕ್ಷರ: ಟ್ರಯಲ್.
ಸಂಗವ್ವನ ಮ್ಯಾಲೂ ಹಾದು ಹೋಗಿತ್ತು.

‘ಇದೇನವಾ ಇದು?’
‘ತಾತ್ಪುರ್ತಾ ಅಂತ್ರೀ ಸರ್.
ರೊಕ್ಕ ತುಂಬೂ ತನಕ ಎಲ್ಲಾ ತಾತ್ಪುರ್ತಾ.’
ಮಾಸ್ತರು ನಕ್ಕರು.
‘ಎಪ್ಪತ್ತೆಂಟರಾಗ ನಾನೂ ಹಂಗೇ ಸೇರಿದ್ದು,
ನಮ್ಮ ಕನ್ನಡ ಶಾಳಿಗೆ.
ಹಂಗಾಮಿ ಅಂತ ಆರ್ಡರಿನ್ಯಾಗ ಬರದಿತ್ತು.
ಅದರ ಮ್ಯಾಲೇ ಒಂಬತ್ತು ವರ್ಷ ಕಲಿಸಿದೆ.’

ರೊಕ್ಕ ಎಷ್ಟಂತ ಕೇಳಿದರು. ಹೇಳಿದೆ.
ಸುಮ್ಮನಾದರು.

ಕೊನಿಗೆ ಮೊದಲಿನ ಪಿಡಿಎಫನ್ನೇ
ಐವತ್ತು ಪ್ರತಿ ಪ್ರಿಂಟ್ ತೆಗೆದೆ.
ಒಂದು ಕರೀ ಪೆನ್ನು ಅವರಿಗೆ, ಒಂದು ನನಗ.
ಅರ್ಪಣೆ ಪುಟ ತೆರೀ, ವ-ದ ಕೆಳಗ ಸಣ್ಣ ವ,
ಆರಲಿಕ್ಕೆ ಬಿಡು, ಮುಂದಿನದು.
ನನ್ನವು ಮೂವತ್ತೊಂಬತ್ತಾದವು, ಅವರವು ಹನ್ನೊಂದು.
ಒಂದೊಂದಕ್ಕೂ ಅಷ್ಟು ಹೊತ್ತು ಹಿಡಿದರು.

ಒಂದರಾಗ ನನ್ನ ಒತ್ತು ಸೊಟ್ಟ ಬಿತ್ತು.
ಹರೀಲಿಕ್ಕೆ ಹೋದೆ,
ಕೈ ಹಿಡಿದರು.
ಅದೊಂದನ್ನ ಬ್ಯಾರೆ ತೆಗೆದು
ತಮ್ಮ ಚೀಲದಾಗ ಇಟಗೊಂಡರು.