ತಾಮ್ರದ ಹಂಡೆ

ಗಣಪತಿ ಹಬ್ಬದ ಹಿಂದಿನ ವಾರ
ಶಾಮಿಯಾನ ಅಂಗಡಿಯವನಿಗೆ ನಿದ್ದೆ ಎಲ್ಲಿಯದು.
ಹನ್ನೊಂದೂವರೆಗೆ ಷಟರ್ ತಟ್ಟಿದರು:
ಗುತ್ತಲು ರಸ್ತೆಯ ಗೋಬಿ ಗಾಡಿ ತೊಳೆದಿಟ್ಟು ಬಂದ ಜಂಗಿ ರಾವಲ್,
ಅಕ್ಕಿ ಗಿರಣಿ ಕಾವಲಿಗೆ ಹೊರಟಿದ್ದ ಪದಮ್ ಸಾವುದ್,
ಹಾಸ್ಟೆಲ್ಲಿನ ಅಡುಗೆಮನೆಯಿಂದ ನಂದಕಲಾ.
"ಕುರ್ಚಿ ಅರವತ್ತು, ಜಮಖಾನ ನಾಕು, ಮೈಕು ಒಂದು.
ಹಂಡೆ ಮಾತ್ರ ತಾಮ್ರದ್ದೇ ಆಗಬೇಕು ಅಣ್ಣಾ."

ನಮ್ಮ ಗೌರಿ ತದಿಗೆಗೆ, ಅವರ ಗೌರಾ ಅಷ್ಟಮಿಗೆ.
ಒಬ್ಬಳೇ ಇರಬೇಕು;
ಮೊದಲು ಮಂಡ್ಯದ ಮನೆಗಳಲ್ಲಿ ಉಂಡು,
ತವರಿನವರ ಸರದಿ ಆಮೇಲೆ.

ಸಭೆ ನನ್ನ ಜಮಖಾನದ ಮೇಲೆಯೇ ಆಯಿತು.
ರಸೀದಿ ಪುಸ್ತಕ, ಅರ್ಧ ಸವೆದ ಸೀಲು,
ಸದಸ್ಯರು ನಲವತ್ತೊಂದು, ಕಚೇರಿ ಪದಮನ ಅಂಗಿ ಜೇಬು.
ಪಂಚಮಿಗೆ ಐದು ಕಾಳು ನೆನೆಸಬೇಕಂತೆ:
ಗೋಧಿ, ಉದ್ದು, ಬಟಾಣಿ, ಹುರುಳಿ.
ಐದನೆಯದರ ಹೆಸರು ಗುರೌಂಸ್,
ಪೇಟೆ ಬೀದಿಯ ಯಾವ ದಿನಸಿಯವನೂ ಕೇಳದ ಹೆಸರು.
"ಅಲಸಂದೆ ಹಾಕೋಣ" ಎಂದ ಜಂಗಿ.
"ನಮ್ಮಜ್ಜಿ ಇದ್ದಿದ್ರೆ ನಿನ್ನ ಕೈ ಮುರೀತಿದ್ಲು" ಎಂದಳು ನಂದಕಲಾ.
ಆ ಒಂದು ಕಾಳಿಗೆ ಅರ್ಧ ಗಂಟೆ, ಅವರ ಭಾಷೆಯಲ್ಲಿ,
ನಡುನಡುವೆ ನಮ್ಮ "ಥೂ, ಸುಮ್ನಿರು" ಬೆರೆಸಿ.
ಹುರುಳಿ ಎಂದಾಗ ಮಾತ್ರ ನಾನೂ ಬಾಯಿ ಹಾಕಿದೆ:
"ಅದು ನಮ್ಮನೇಲೇ ಇದೆ, ಎಷ್ಟು ಬೇಕು?"

ಕಾಳು ನೆನೆಹಾಕಿದ ಸಂಜೆಯೇ ಲೋಕೇಂದ್ರ ಧಾಮಿ ಹೋದ.
ಬೇಕರಿಯ ಒಲೆ ಮುಂದೆ ಇಪ್ಪತ್ತೆರಡು ವರ್ಷ ನಿಂತವನು
ಬಚ್ಚಲಲ್ಲಿ ಬಿದ್ದ.
ಅಛಾಮಿಗೆ ಮೂರು ಹಗಲು ಮೂರು ರಾತ್ರಿ,
ಆಮೇಲೆ ಬಸ್ಸು, ಆಮೇಲೆ ಬರೀ ಏರು.
ಆಂಬುಲೆನ್ಸಿನವನು ಹೇಳಿದ ಮೊತ್ತ ಕೇಳಿ
ಪದಮ್ ಫೋನನ್ನು ಅಂಗೈಯಲ್ಲಿ ಮಗುಚಿಟ್ಟುಕೊಂಡು ಕೂತ.
ಇಲ್ಲೇ ಸುಟ್ಟರು. ಬೂದಿ ಪಶ್ಚಿಮವಾಹಿನಿಗೆ,
ಹಬ್ಬದ ಡಬ್ಬಿ ಅವನ ಮಗಳ ಖಾತೆಗೆ.

"ಸೂತಕದಲ್ಲಿ ಕುಣೀಬಹುದಾ?"
ಕೇಳಿದವನು ಬಂದು ಎರಡು ತಿಂಗಳಾದ ಹುಡುಗ.
ಸಂಘಕ್ಕೆ ಗೋತ್ರ ಉಂಟೇ, ಯಾರಿಗೆ ಗೊತ್ತು.
ನಂದಕಲಾ ಹಂಡೆಯ ಮುಚ್ಚಳ ತೆಗೆದು ತೋರಿಸಿದಳು,
ಮೊಳಕೆ ಬಿಟ್ಟಿದ್ದವು, ಅಲಸಂದೆಯೂ ಸೇರಿ.
"ಇವನ್ನ ವಾಪಸು ಒಣಗಿಸೋಕಾಗುತ್ತಾ?"
ಹೊರಡುವಾಗ ಪದಮ್ ನನ್ನ ಕಡೆ ತಿರುಗಿ,
"ಕುರ್ಚಿ ಬೇಡ ಅಣ್ಣಾ, ಮೈಕೂ ಬೇಡ.
ದೇಉಡಾ ನಿಂತೇ ಕುಣಿಯೋದು."
ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದೆ. ಹಂಡೆ ಉಳಿಯಿತು.

ಅಷ್ಟಮಿ ಸಂಜೆ, ನಾಲೆ ಪಕ್ಕದ ಬಯಲು.
ಗದ್ದೆಯವರನ್ನು ಕೇಳಿ ತಂದ ಭತ್ತದ ಪೈರು,
ಬದುವಿನ ಹುಲ್ಲು, ಒಂದೆರಡು ಎಳ್ಳಿನ ಗಿಡ.
ಕೆಂಪು ಬಟ್ಟೆ ಸುತ್ತಿದರು, ಗೌರಾ ಆದಳು.
ಮೂವತ್ತು ಜನ ಕೈಗೆ ಕೈ ಕೊಟ್ಟು ಸುತ್ತು ನಿಂತರು.
ಒಂದು ಕಡೆಯವರು ಹಾಡಿನಲ್ಲಿ ಕೇಳುವುದು,
ಎದುರು ಕಡೆಯವರು ಹಾಡಿನಲ್ಲೇ ಹೇಳುವುದು.
ನಡುವೆ ಎಲ್ಲೋ ಲೋಕೇಂದ್ರನ ಹೆಸರು ಬಂತು.
ಏನು ಕೇಳಿದರೋ ನನಗೆ ತಿಳಿಯದು;
ಎದುರು ಕಡೆ ತುಸು ತಡೆದು ಹಾಡಿತು.

ಎಂಟಕ್ಕೆ ಎಟಿಎಂ ಕಾವಲಿನವನು ಕೈ ಬಿಡಿಸಿಕೊಂಡ,
ಅತ್ತಿತ್ತಲ ಎರಡು ಕೈ ಕೂಡಿದವು.
ಎಂಟೂವರೆಗೆ ಬಾರಿನ ಇಬ್ಬರು.
ಒಂಬತ್ತಕ್ಕೆ ಪದಮ್, ಸೀಟಿಯ ದಾರ ಕೊರಳಿಗೆ ಹಾಕಿಕೊಳ್ಳುತ್ತ,
ಹೋಗುವ ಮೊದಲು ಪೇಪರ್ ತಟ್ಟೆಗಳನ್ನೆಲ್ಲ ಹೆಕ್ಕಿದ.
ಕೊನೆಗೆ ಏಳು ಹೆಂಗಸರು,
ನನ್ನ ಜಮಖಾನದಷ್ಟು ಅಗಲದ ಸುತ್ತು,
ಹೆಜ್ಜೆ ಮಾತ್ರ ಮೊದಲಿನದೇ.

ಹಂಡೆ ವಾಪಸು ಬಂತು, ಹುಣಸೆಹಣ್ಣು ಹಾಕಿ ತಿಕ್ಕಿದ್ದರು;
ನಾನು ಕೊಟ್ಟಾಗ ಅಷ್ಟು ಹೊಳೆದಿರಲಿಲ್ಲ.
ಬಾಡಿಗೆ ಬೇಡ ಎಂದೆ.
ನಂದಕಲಾ ರಸೀದಿ ಪುಸ್ತಕ ತೆಗೆದಳು:
"ಹಂಗಾದ್ರೆ ಚಂದಾ ಅಂತ ಬರಕೋತೀನಿ. ಹೆಸರು ಹೇಳು."
ಒಂಬತ್ತು ವರ್ಷ ಕರೆದದ್ದು ಬರೀ ಅಣ್ಣಾ.
ಚಿಕ್ಕಲಿಂಗಯ್ಯ ಎಂದೆ.
ತನ್ನ ಲಿಪಿಯಲ್ಲಿ ಬರೆದು, ಸೀಲು ಒತ್ತಿ, ಹರಿದು ಕೊಟ್ಟಳು.
ಹಿಂದಿ ಮೇಷ್ಟ್ರ ಏಟು ನೆನೆದು
ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ;
ಕೊನೆಯ ಒತ್ತಕ್ಷರಕ್ಕೆ ಬರುವಷ್ಟರಲ್ಲಿ
ರಾತ್ರಿ ಸಾರಿಗೆ ತಡವಾಯಿತೆಂದು
ಅವಳು ಹೊರಟೇ ಹೋಗಿದ್ದಳು.