ಏಳರ ಗೂಡಿನಲ್ಲಿ ಎಂಟು

ಸಫೋಕಿನ ಈ ಮನೆಯಲ್ಲಿ ನೆಟ್ಟಗಿನ ಗೋಡೆ ಒಂದೂ ಇಲ್ಲ.
ಮೇಲಂತಸ್ತಿನ ಹಲಗೆಯ ಮೇಲೆ ಗೋಲಿ ಇಟ್ಟರೆ
ಯಾರೂ ತಳ್ಳದೆ ಉರುಳಿ
ಪೂರ್ವದ ಕಿಟಕಿಯಡಿ ಹೋಗಿ ನಿಲ್ಲುತ್ತದೆ.
ನಾಲ್ಕು ತಲೆಮಾರಿನ ಗೋಲಿಗಳಿಗೂ
ಅದೇ ಮೂಲೆ, ಅದೇ ಕುಳಿ.

ಗಾರೆ ಕೆಡವುವ ಕೆಲಸ ನಮ್ಮದು: ನಾನು, ಆಂಬ್ರೋಸ್ ಗ್ಯಾರಡ್.
ಹೋದ ಶತಮಾನದಲ್ಲಿ ಯಾರೋ ಅಕ್ಕರೆಯಿಂದ ಮೆತ್ತಿದ ಸಿಮೆಂಟು;
ಉಸಿರುಗಟ್ಟಿ ಓಕ್ ಕಂಬ ಒಳಗೊಳಗೇ ಬೆವರಿತ್ತು.
ಉಳಿ ಕೊಟ್ಟು ಎಬ್ಬಿಸಿದರೆ ಹಿಂದೆ
ಹೇಜಲ್ ಕಡ್ಡಿಯ ತಡಿಕೆ, ಜೇಡಿಮಣ್ಣು, ಸಗಣಿ, ಹುಲ್ಲು,
ಮಣ್ಣಿನಲ್ಲಿ ಒಂದು ಹೆಬ್ಬೆರಳು.
ಎಡಗೈಯದು.

ಸೂರಿನಡಿ ಹತ್ತಿದೆ. ತೊಲೆಗಳೆಲ್ಲ ಮಸಿ.
ಚಿಮಣಿ ಇಲ್ಲದ ಕಾಲ, ನಡುಮನೆಯ ನೆಲದಲ್ಲೇ ಬೆಂಕಿ;
ಹೊಗೆ ತನ್ನ ದಾರಿ ತಾನೇ ಹುಡುಕಿಕೊಂಡು
ಹುಲ್ಲುಹೊದಿಕೆಯ ಸಂದಿನಿಂದ ಹೊರಬೀಳುತ್ತಿತ್ತಂತೆ.
ಆಮೇಲೆ ಇಟ್ಟಿಗೆಯ ಚಿಮಣಿ, ಅದರಿಂದಾಗಿ ಅಟ್ಟ,
ಅಟ್ಟಕ್ಕೆ ಮೆಟ್ಟಿಲು,
ಬೆಂಕಿಯ ಮಗ್ಗುಲಲ್ಲಿ ಉಪ್ಪು ಬೆಚ್ಚಗಿಡಲು ಪುಟ್ಟ ಗೂಡು,
ಇಟ್ಟಿಗೆಯ ಹಿಂದೆ ಬಚ್ಚಿಟ್ಟ ಮಗುವಿನ ಬೂಟು,
ಒಂದೇ ಒಂದು,
ದೆವ್ವ ಬಂದರೆ ಅದರೊಳಗೆ ಸಿಕ್ಕಿಬೀಳಲೆಂದು.

"ಇಲ್ಲಿ ನೋಡು," ಎಂದು ಆಂಬ್ರೋಸ್ ಟಾರ್ಚು ಓರೆ ಹಿಡಿದ.
ಪ್ರತಿ ಕೀಲಿನಲ್ಲೂ ಬಡಗಿ ಕೊರೆದ ಅಂಕಿ.
ತನ್ನ ಅಂಗಳದಲ್ಲಿ ಜೋಡಿಸಿ ನೋಡಿ, ಬಿಚ್ಚಿ,
ಗಾಡಿಯಲ್ಲಿ ಹೇರಿ ತಂದು ಇಲ್ಲಿ ಮತ್ತೆ ಕೂಡಿಸಲು.
ಐದಕ್ಕೆ ಐದು. ಆರಕ್ಕೆ ಆರು.
ಏಳರ ಗೂಡಿನಲ್ಲಿ ಎಂಟು!
ಎಂಟರದರಲ್ಲಿ ಏಳು, ಸಾಲದ ಕಡೆ ಒಂದು ಬೆಣೆ.
ಕತ್ತಲಾಗಿತ್ತೋ, ಬಿಯರು ಹೆಚ್ಚಾಗಿತ್ತೋ,
ಹೇಳಲು ನಾಚಿ ಸುಮ್ಮನಾದನೋ.
ಎತ್ತು ಏರಿಗೆ, ಕೋಣ ನೀರಿಗೆ;
ನಾನೂರು ವರ್ಷ ಎಳೆದಾಡುತ್ತಲೇ
ಎರಡೂ ಸೇರಿ ಮನೆ ಹೊತ್ತಿವೆ.

ಚಹಾ ತಂದ ಥಿರ್ಜಾ ಪಾಸ್ಕ್ ಕೇಳಿದಳು,
"ಸರಿ ಮಾಡಬಹುದೆ?"
"ಸರಿ ಮಾಡಿದರೆ ಬೀಳುತ್ತೆ," ಎಂದ ಆಂಬ್ರೋಸ್.
ಅವಳು ತಲೆಯಾಡಿಸಿ, ಬಿಸ್ಕತ್ತು ಮರೆತೆನೆಂದು ಕೆಳಗಿಳಿದಳು.

ಸಂಜೆ ಹೊಸ ಮಣ್ಣು ಕಲಸಿ
ಆ ಮೂಲೆ ಮುಚ್ಚಲು ಕೂತೆ.
ತಪ್ಪಾಗಿ ಓರೆಯಾದ ಆ ತೊಲೆಯ ಹಿಂದೆ
ಬಲಗೈ ಹೋಗುವುದೇ ಇಲ್ಲ.
ಮೊಣಕೈ ತಗಲುತ್ತದೆ, ಮಣಿಕಟ್ಟು ತಿರುಗುವುದಿಲ್ಲ.
ಎರಡು ಸಲ ಬೈದು,
ಕೈ ಬದಲಿಸಿದೆ.