ಏಳ್ನೂರು ರೂಪಾಯಿದ ಸಾಲು

ಸರ್ವೇಯಿಂಗ್ ನೋಟ್‌ಬುಕ್ಕಿನ ಕಡೀ ಹಾಳಿಯಾಗ
ಪೆನ್ಸಿಲ್ಲಿಂದ ಬರದೀನಿ. ಪೆನ್ನಿಂದ ಬರದ್ರ
ದರಕ್ಕ ಗೊತ್ತಾಗಿಬಿಡತೈತಿ, ಏರತೈತಿ.

ಪ್ರೊಸೆಸರ್ ಹತ್ತೂವರಿ ಸಾವಿರ. ಗ್ರಾಫಿಕ್ಸು ಅದರ ಹೊಟ್ಟ್ಯಾಗನ ಐತಿ,
ಬ್ಯಾರೆ ಕಾರ್ಡು ಮುಂದಿನ ವರ್ಷ, ಇಲ್ಲಾ ಅದರ ಮುಂದಿನ ವರ್ಷ.
ಮದರ್‌ಬೋರ್ಡು ಆರು ಸಾವಿರ.
ರ‍್ಯಾಮು ಎಂಟರವು ಎರಡು, ಮೂರು ಸಾವಿರದ ನಾನೂರು.
ಹದಿನಾರರದು ಒಂದ ತಗೋಬ್ಯಾಡ, ಒಂಟಿ ಎತ್ತು ಬಂಡಿ ಎಳಿಯೂದಿಲ್ಲ
ಅಂದಾಂವ ಮುಬಾರಕ, ನನ್ನ ಹಿಂದಿನ ಬೆಂಚಿನಾಂವ.
ಅವನ ಹತ್ರನೂ ಕಂಪ್ಯೂಟರ್ ಇಲ್ಲ.
ಎಸ್‌ಎಸ್‌ಡಿ ಎರಡು ಸಾವಿರದ ಒಂಬೈನೂರು.
ಕ್ಯಾಬಿನೆಟ್ಟು ಎರಡು ಸಾವಿರದ ಎರಡ್ನೂರು, ಗಾಜಿನ ಬಾಗಲದ್ದು,
ಬಣ್ಣದ ದೀಪದ ಮೂರು ಫ್ಯಾನಿಂದು.
ಹಳೇ ಮಾನಿಟರ್ ನಾಲ್ಕೂವರಿ.
ಪವರ್ ಸಪ್ಲೈ ಏಳ್ನೂರು.
ಕೀಬೋರ್ಡು ನಾಗವೇಣಕ್ಕನ ಝೆರಾಕ್ಸ್ ಅಂಗಡೀದು, ಪುಕ್ಕಟೆ.
'ಎ' ಒಮ್ಮೆ ಒತ್ತಿದ್ರ ಎರಡು ಸಲ ಬೀಳತೈತಿ,
ಗಾಡಿ ಎಡಕ್ಕ ತುಸು ಹೆಚ್ಚ ಹೊಳ್ಳತೈತಿ, ಇರಲಿ.

ಮೂವತ್ತು ಸಾವಿರದ ಎರಡ್ನೂರು.
ಕೈಯಾಗ ಮೂವತ್ತೊಂದು. ಅರ್ಧ ಸ್ಕಾಲರ್‌ಶಿಪ್ಪಿಂದು,
ಅರ್ಧ ಎರಡು ಬ್ಯಾಸಗಿ ಕಂಡಿಕಿ ಸುತ್ತಿದ್ದು.
ಡ್ರಾಯಿಂಗ್ ತೆಗ್ಯಾಕ ಬೇಕು ಅಂತ ಅಪ್ಪಗ ಹೇಳೀನಿ. ಸುಳ್ಳಲ್ಲ.
ಪೂರಾ ಖರೇನೂ ಅಲ್ಲ.

ಖರೇ ಅಂದ್ರ ಒಂದು ಲಾರಿ.
ರಾತ್ರಿ, ಹಿಮದ ಘಾಟು, ಕಟಗಿ ಹೇರಿಕೊಂಡು ಹತ್ತೂ ಲಾರಿ.
ಬನಹಟ್ಟ್ಯಾಗ ಬೆಳ್ಳಗ ಉದರೂದು ನೂಲಿನ ಧೂಳ ಒಂದ.
ಫೋನಿನ್ಯಾಗ ಎರಡನೇ ತಿರುವಿಗೆ ಬಿಸಿಯಾಗಿ ನಿಲ್ಲತೈತಿ,
ಹಿಮ ಅರ್ಧ ಬಿದ್ದು ಗಾಳ್ಯಾಗ ಹಂಗ.
ಘಾಟಿನ ಆ ಕಡೆ ಏನೈತಿ ನಾ ನೋಡಬೇಕು.

ಸಂಜೀಮುಂದ ಕರೆಂಟ್ ಹೋತು. ಓಣಿಯ ಮಗ್ಗ ಎಲ್ಲಾ
ಒಮ್ಮೆಲೆ ಬಾಯಿ ಮುಚ್ಚಿದ್ವು. ಆ ಸುಮ್ಮಕಿಗೆ ನಮಗ ಕಿವಿ ನೋಯತಾವು.
ಮಗ್ಗ ರಿಪೇರಿ ಮಾಡೂ ಸಿದರಾಯ ಕಾಕಾ ಚಾಕ್ಕ ಕುಂತಾಂವ
ನನ್ನ ಹಾಳಿ ಎಳಕೊಂಡ. ಇಂಗ್ಲಿಷ್ ಬರೂದಿಲ್ಲ, ಅಂಕಿ ಬರತಾವು.
ಏಳ್ನೂರರ ಮ್ಯಾಲ ಬಟ್ಟ ಇಟ್ಟ.
'ಇದೇನು?'
'ಕರೆಂಟ್ ಹಂಚೂದು.'
'ಇದು ಸುಟ್ರ ಮತ್ತೇನೇನು ಸುಡತೈತಿ?'
ನಾ ಸುಮ್ನಾದೆ.
'ಹಾಳೀ ಪೂರಾನ?'
ಹೂಂ ಅಂದೆ.
'ನಮ್ಮೂರ ವೋಲ್ಟೇಜು ಕುಡದಾಂವ ನಡದಂಗ ನಡೀತೈತಿ ತಂಗಿ.
ಬೇಕಾದ್ರಾಗ ಉಳಸು, ಇದರಾಗ ಬ್ಯಾಡ.'
ಬಟ್ಟ ತೆಗದ. ಎಣ್ಣೀ ಕಲೆ ದುಂಡಗ ಬಿದ್ದು
ಏಳ್ನೂರು ಕಾಣವಲ್ತು.

ಛಲೋದು ಮೂರು ಸಾವಿರದ ಆರ್ನೂರು.
ರಬ್ಬರ್ ಹಿಡಕೊಂಡು ರಾತ್ರಿ ಕುಂತೆ.
ರ‍್ಯಾಮು ಅರ್ಧ ಮಾಡಿದೆ, ಮತ್ತ ಪೂರಾ ಮಾಡಿದೆ.
ಮಾನಿಟರ್ ಬಿಟ್ಟು ಟಿವಿಗೆ ಹಚ್ಚಿದ್ರ?
ಏಳರಿಂದ ಹತ್ತರತನಕ ಟಿವಿ ಆಯೀದು.
ಗಾಜಿನ ಬಾಗಲ ನೋಡಿದೆ, ಭಾಳ ಹೊತ್ತು ನೋಡಿದೆ,
ಅಳಿಸಿದೆ.

ಮೂವತ್ತು ಸಾವಿರದ ಒಂಬೈನೂರು. ನೂರು ಉಳೀತು.
ಬೆಳಗಾವಿ ಬಸ್ಸಿಗೆ ನನಗ ರೊಕ್ಕ ಬೇಕಿಲ್ಲ, ಆಧಾರ್ ಸಾಕು.
ಮುಬಾರಕ ಬರತೀನಿ ಅಂದ್ರ ಅವನ ಟಿಕೀಟು ಅವಂದು.

ಅಟ್ಟದ ಮ್ಯಾಲ ನೂಲಿನ ಕೋನ್ ಬಂದಿದ್ದ ಪ್ಲೈವುಡ್ ಪೆಟಗಿ ಇತ್ತು.
ಅವ್ವ ಇಳಿಸಿ, ಒಳಗ ಇಣಿಕಿ ಕೇಳಿದಳು,
'ಇದು ಉಸರಾಡೂದು ಎಲ್ಲಿಂದ?'
ಎರಡು ಕಡೆ ತೂತು ಹೊಡಿಯೂದು ಅಂದೆ.
'ಈ ಮನ್ಯಾಗ? ನಾಕು ದಿನಕ್ಕ ಒಳಗ ಗಾದಿ ಆಗತೈತಿ.'
ಜಾಳಾಗೈತಿ ಅಂತ ಮಾಲಕ ಹೊಳ್ಳಿ ಒಗದಿದ್ದ ಹಸಿರು ಸೀರೀ ತುಂಡು
ಬಾಯಿಗೆ ಹಿಡಕೊಂಡು ಊದಿದಳು,
ಆ ಕಡೆ ನನ್ನ ಅಂಗೈಗೆ ಗಾಳಿ ಹತ್ತಿತು.

ಹಾಳೀ ತಳದಾಗ ಬರದೆ:
ಜಾಳು ಬಟ್ಟಿ, ಎರಡು ಗೇಣು, ಹಸಿರು.
ದರದ ಜಾಗಾ ಖಾಲಿ ಬಿಟ್ಟೆ.
ತೂತು ಹೊಡ್ಯಾಕ ಡ್ರಿಲ್ಲು ಸಿದರಾಯ ಕಾಕಾ ಕೊಡತಾನಂತ,
ಬಿಟ್ಟು ಮಾತ್ರ ಮೊಂಡಾಗೈತಿ.
ಹೊಸಾದಕ್ಕ ತೊಂಬತ್ತು ರೂಪಾಯಿ.